ಬೆಳಿಗ್ಗೆ ಚಂಡಮಾರುತ, ಸಂಜೆ ಖಾಲಿ ಸಮುದ್ರ: ಮಾದರಿಗಳು ಹೀಗೇಕೆ?

ಪ್ರಶ್ನೆ: ಉಷ್ಣವಲಯದ ಸಮುದ್ರದ ಮೇಲಿರುವ ಮೋಡಗಳ ಗುಂಪೊಂದನ್ನು ಹವ್ಯಾಸಕ್ಕಾಗಿ ಗಮನಿಸುತ್ತಿದ್ದೇನೆ. ಬೆಳಿಗ್ಗೆ ಮುನ್ಸೂಚನಾ ಮಾದರಿ ಅದನ್ನು ಭಾರೀ ಚಂಡಮಾರುತವಾಗಿ ತೋರಿಸಿತು. ಸಂಜೆ ಅದೇ ಮಾದರಿಯಲ್ಲಿ ಅದರ ಸುಳಿವೇ ಇಲ್ಲ. ಯಾವುದನ್ನು ನಂಬಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ನೀವು ನೋಡುತ್ತಿರುವ ಗುಂಪಿಗೆ ಇನ್ನೂ ಕೇಂದ್ರವೇ ಇಲ್ಲದಿರಬಹುದು.

ಬಲಿತ ಚಂಡಮಾರುತ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಎಳೆಯ ಗುಂಪಿನೊಳಗೆ ಎರಡು ಮೂರು ಸಣ್ಣ ಸುಳಿಗಳು ಪೈಪೋಟಿಗೆ ಬಿದ್ದಿರುತ್ತವೆ, ಕೆಲವೊಮ್ಮೆ ಒಂದೂ ಇರುವುದಿಲ್ಲ. ಅಮೆರಿಕದ ಜಿಎಫ್‌ಎಸ್ ಮಾದರಿ ದಿನಕ್ಕೆ 4 ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ಪ್ರತಿ ಸಲವೂ ಆರಂಭದ ಚಿತ್ರ ತುಸು ಬೇರೆ. ಗಟ್ಟಿಯಾದ ಸುಳಿಯಿದ್ದರೆ ಆ ವ್ಯತ್ಯಾಸ ಅಷ್ಟಾಗಿ ಬಾಧಿಸದು. ಇಲ್ಲದಿದ್ದರೆ ಏಳೆಂಟು ದಿನಗಳಲ್ಲಿ ಅದೇ ಹಿಗ್ಗಿ ಇಡೀ ಚಂಡಮಾರುತವನ್ನು ಹುಟ್ಟಿಸಿಬಿಡಬಹುದು ಅಥವಾ ಅಳಿಸಿಬಿಡಬಹುದು.

ಸಾಲದೆಂಬಂತೆ, ಸಾಗುವ ದಾರಿಯನ್ನೂ ಬಲವೇ ತೀರ್ಮಾನಿಸುತ್ತದೆ. ದುರ್ಬಲ ಸುಳಿ ಎತ್ತರಕ್ಕೆ ಬೆಳೆದಿರುವುದಿಲ್ಲ. ಕೆಳಮಟ್ಟದ ಗಾಳಿ ಎಳೆದತ್ತ ಹೋಗುತ್ತದೆ. ಬಲಿತದ್ದು 10 ಕಿ.ಮೀ.ಗೂ ಮೀರಿ ನಿಂತಿರುವುದರಿಂದ ಮೇಲಿನ ಗಾಳಿಯ ಹಿಡಿತಕ್ಕೂ ಸಿಗುತ್ತದೆ. ಎರಡು ಗಾಳಿಗಳ ದಿಕ್ಕು ಬೇರೆಯಾಗಿದ್ದರೆ, ಬೇಗ ಬಲಿತಾಗ ಒಂದು ತೀರ, ತಡವಾದಾಗ ಮತ್ತೊಂದು.

ಹಲವು ಮಾದರಿಗಳು ಹೇಳುವ ದಾರಿಗಳನ್ನು ಬಣ್ಣಬಣ್ಣದ ಗೆರೆಗಳಲ್ಲಿ ತೋರಿಸುವ ನಕ್ಷೆಯ ಮೇಲೆ ಹವ್ಯಾಸಿಗಳಿಗಿರುವ ಮೋಹ ನನಗಿಲ್ಲ. ಅದರಲ್ಲಿ ಕೆಲವು ಗೆರೆಗಳು ಮುನ್ಸೂಚನೆಯೇ ಅಲ್ಲ. ‘ಎಕ್ಸ್‌ಟಿಆರ್‌ಪಿ’ ಎಂಬುದು ಈಗಿನ ದಿಕ್ಕು, ಈಗಿನ ವೇಗ ಹೀಗೆಯೇ ಮುಂದುವರಿದರೆ ಎಲ್ಲಿಗೆ ತಲುಪೀತು ಎಂದು ಎಳೆದ ನೇರ ಗೆರೆ, ಅಷ್ಟೇ. ಅದಕ್ಕಿಂತ ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ ಸಮೂಹ ಮುನ್ಸೂಚನೆ ವಾಸಿ. ಅಲ್ಲಿ ಆರಂಭದ ಸ್ಥಿತಿಯನ್ನು ಬೇಕೆಂದೇ ಚೂರುಚೂರು ಬದಲಿಸಿ 50 ಬಾರಿ ಲೆಕ್ಕ ಹಾಕುತ್ತಾರೆ. ಎಷ್ಟರಲ್ಲಿ ಸುಳಿ ಕಟ್ಟಿತು ಎಂಬ ಎಣಿಕೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಗಮನ ಕೊಡಿ.

ಮಿಕ್ಕ ಸಮಯವನ್ನು ಉಪಗ್ರಹ ಚಿತ್ರಗಳಿಗೆ ಮೀಸಲಿಡಿ. ಬೆಳಗಿನ ಜಾವ ಸಮುದ್ರದ ಮೇಲೆ ಗುಡುಗುಮೋಡಗಳು ಉಬ್ಬುವುದು ಸಹಜ. ಶಾಖವನ್ನು ಬಣ್ಣಗಳಲ್ಲಿ ತೋರಿಸುವ ಇನ್‌ಫ್ರಾರೆಡ್ ಚಿತ್ರದಲ್ಲಿ ಎತ್ತರದ ತಣ್ಣನೆಯ ಮೋಡಗಳ ಕಡುಗೆಂಪು ಕಂಡೊಡನೆ ‘ಹುಟ್ಟಿತು!’ ಎಂದು ಸಾರಿದವರು ಮಧ್ಯಾಹ್ನದ ಹೊತ್ತಿಗೆ ಮೌನವಾಗುವುದು ಈ ಹವ್ಯಾಸದಲ್ಲಿ ಮಾಮೂಲು. ಉಪಗ್ರಹ ಚಿತ್ರದಿಂದ ಬಲವನ್ನು ಅಂದಾಜಿಸುವ ಡ್ವೊರಾಕ್ ವಿಧಾನದಲ್ಲಿ ಮೊದಲ ಅಂಕ ದಕ್ಕಬೇಕಾದರೂ ಮೋಡಗಳ ಗುಂಪು ಕನಿಷ್ಠ 12 ಗಂಟೆ ಉಳಿದಿರಬೇಕು.

ರಾತ್ರಿಯ ಇನ್‌ಫ್ರಾರೆಡ್ ಚಿತ್ರಗಳಿಗೆ ಇನ್ನೊಂದು ದೋಷವಿದೆ. ತಗ್ಗಿನಲ್ಲಿರುವ ಬೆಚ್ಚನೆಯ ಮೋಡಗಳು ಸಮುದ್ರದ ಬಣ್ಣದಲ್ಲೇ ಬೆರೆತುಹೋಗುವುದರಿಂದ ಕೆಳಮಟ್ಟದ ಸುಳಿ ಸರಿಯಾಗಿ ಕಾಣುವುದಿಲ್ಲ. ಸೂರ್ಯ ಹುಟ್ಟಿದ ಮೇಲಿನ ಮೊದಲ ಚಿತ್ರಗಳಲ್ಲಿ ಗುಟ್ಟು ರಟ್ಟಾಗುತ್ತದೆ: ಸುಳಿ ಒಂದು ಕಡೆ ಬೋಳಾಗಿ ತಿರುಗುತ್ತಿರುತ್ತದೆ, ಗುಡುಗುಮೋಡಗಳನ್ನು ಮೇಲಿನ ಗಾಳಿ ಇನ್ನೊಂದು ಕಡೆಗೆ ತಳ್ಳಿರುತ್ತದೆ. ಅಂಥದ್ದು ಸದ್ಯಕ್ಕೆ ಬಲಿಯುವುದು ಕಷ್ಟ. ಆದರೆ ಮೋಡಗಳ ಅಡಿಯಲ್ಲೇ ಹೊಸ ಕೇಂದ್ರವೊಂದು ಕಟ್ಟಿಕೊಂಡರೆ ಹಳೆಯ ದಾರಿಯ ಲೆಕ್ಕಗಳೆಲ್ಲ ರದ್ದು.

ಸುಳಿಯ ಗಾಳಿ ನಿಜವಾಗಿ ಪೂರ್ತಿ ಸುತ್ತು ಹಾಕುತ್ತಿದೆಯೇ ಎಂದು ತಿಳಿಯಲು ಮೆಟಾಪ್ ಉಪಗ್ರಹಗಳ ಆಸ್ಕ್ಯಾಟ್ ಉಪಕರಣ ಅಳೆದ ಸಮುದ್ರದ ಮೇಲ್ಮೈ ಗಾಳಿಯನ್ನು ನೋಡಿ. ಉತ್ತರಾರ್ಧಗೋಳದಲ್ಲಿ, ಪೂರ್ವದ ಗಾಳಿ ಬೀಸುವ ಕಡೆ, ಸುಳಿಯ ದಕ್ಷಿಣಕ್ಕೆ ಪಶ್ಚಿಮದ ಗಾಳಿ ಕಂಡರೆ ಅದು ಗಟ್ಟಿ ಸಾಕ್ಷ್ಯ. ಆಸ್ಕ್ಯಾಟ್ ಅಳೆಯುವ ಎರಡು ಪಟ್ಟಿಗಳ ನಡುವೆ ಖಾಲಿ ಜಾಗವಿದೆ. ನಿಮಗೆ ಬೇಕಾದ ಸುಳಿ ಸರಿಯಾಗಿ ಅಲ್ಲೇ ಬಿದ್ದಿರುತ್ತದೆ ಎಂಬುದು ಹವ್ಯಾಸಿಗಳ ಹಳೆಯ ಗೊಣಗಾಟ.

ಇನ್ನು ‘ಸುಳಿವೇ ಇಲ್ಲ’ ಎಂದ ಸಂಜೆಯ ಲೆಕ್ಕವನ್ನೇ ನೆಚ್ಚಿ ನೋಡುವುದನ್ನು ಬಿಟ್ಟುಬಿಡಬೇಡಿ. ಹಾರ್ವಿ ಬಿರುಗಾಳಿಗೆ ಹೆಸರು ಬಿದ್ದದ್ದು 2017ರ ಆಗಸ್ಟ್ 17ರಂದು. 19ರಂದು ಕೆರಿಬಿಯನ್ ಸಮುದ್ರದ ಮೇಲೆ ಅದು ಕೇಂದ್ರ ಕಳೆದುಕೊಂಡು ಗಾಳಿಯಲ್ಲಿನ ಬರಿಯ ಅಲೆಯಾಯಿತು. 23ರಂದು ಮೆಕ್ಸಿಕೊ ಬಳಿಯ ಕ್ಯಾಂಪೀಚೆ ಕೊಲ್ಲಿಯಲ್ಲಿ ಮತ್ತೆ ಕಟ್ಟಿಕೊಂಡಿತು. 25ರ ರಾತ್ರಿ 4ನೇ ವರ್ಗದ ಚಂಡಮಾರುತವಾಗಿ ಟೆಕ್ಸಾಸ್ ತೀರಕ್ಕೆ ಅಪ್ಪಳಿಸಿತು.