ವರ್ಷಕ್ಕೊಂದೇ ಮ್ಯಾಚು, ಅದೂ ಸೋಲು

ತುಮಕೂರಿನ ಒಂದು ಡಿಗ್ರಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ನಾನು ಮೂರು ವರ್ಷ ಇದ್ದೆ. ಅಂತರ ಕಾಲೇಜು ಕೂಟದಲ್ಲಿ ಆಡಿದ್ದು ಮೂರೇ ಮ್ಯಾಚು. ಮೂರೂ ಸೋತೆವು.

ಕೊನೆಯದಕ್ಕೆ ಏಳು ಜನ ಹೋಗಿದ್ದೆವು. ಹನ್ನೆರಡು ಜನರ ತನಕ ಅವಕಾಶ ಇದೆ, ಆದರೆ ನಮ್ಮಲ್ಲಿದ್ದ ಜೆರ್ಸಿಯೇ ಎಂಟು. ಐದು ಫೌಲ್ ಆದವನು ಹೊರಗೆ ಕೂರಬೇಕು. ಮೂರನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಇಬ್ಬರು ಕೂತರು, ನಾಲ್ಕನೆಯದರಲ್ಲಿ ಇನ್ನೊಬ್ಬ. ಉಳಿದ ನಾಲ್ಕೇ ಜನ ಓಡಾಡಿ ಮ್ಯಾಚು ಮುಗಿಸಿದೆವು. ಕೋರ್ಟಿನಲ್ಲಿ ಇಬ್ಬರು ಉಳಿದಿದ್ದರೂ ಆಟ ನಡೆಯುತ್ತದೆ ಅಂತ ಗೊತ್ತಾಗಿದ್ದು ಅವತ್ತೇ, ರೆಫ್ರಿ ಹೇಳಿದ ಮೇಲೆ.

‘ನಿಮಗೆ ಹೈಟ್ ಇಲ್ಲ ಕಣ್ರೋ’ ಅಂತ ಎಲ್ಲರೂ ಹೇಳುತ್ತಿದ್ದರು. ನಾವೂ ನಂಬಿದ್ದೆವು. ಈಗ ಯೋಚಿಸಿದರೆ ಹೈಟಿನ ಮಾತು ಸುಮ್ನೆ ಒಂದು ನೆಪ ಅನ್ನಿಸುತ್ತದೆ. ನಮ್ಮೂರಿನ ಉದ್ದನೆಯ ಹುಡುಗರೆಲ್ಲ ವಾಲಿಬಾಲ್ ನೆಟ್ ಹತ್ತಿರ ನಿಂತಿರುತ್ತಾರೆ. ಅವರು ಅಲ್ಲಿಗೆ ಹೋದದ್ದು ಯಾಕೆ ಅನ್ನುವುದರಿಂದಲೇ ಈ ಕತೆ ಶುರು.

ಎರಡೂ ಆಟ ಒಂದೇ ಮನೆಯವು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಎಂಸಿಎ ಅನ್ನುವ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಅನ್ನುವ ಮೇಷ್ಟ್ರು 1891ರ ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸಲು ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದರು. ಹಣ್ಣಿನ ಬುಟ್ಟಿಯನ್ನು ಬಾಲ್ಕನಿಗೆ ಕಟ್ಟಿ ಆಡಿದ ಮೊದಲ ಆಟದ ಸ್ಕೋರು ಬರೀ 1-0. (ಇದನ್ನು ಓದಿದಾಗ ನಮ್ಮ ಟೀಮಿಗೆ ಸ್ವಲ್ಪ ಸಮಾಧಾನ ಆಗಿತ್ತು.) ನಾಲ್ಕು ವರ್ಷ ಬಿಟ್ಟು, 1895ರಲ್ಲಿ, ವೈಎಂಸಿಎಯ ಇನ್ನೊಬ್ಬರು, ವಿಲಿಯಂ ಮಾರ್ಗನ್, ವಾಲಿಬಾಲ್ ಕಂಡುಹಿಡಿದರು. ನಮ್ಮ ಕಡೆ ಇವೆರಡೂ ಬೇರೂರಿದ್ದರಲ್ಲಿ ವೈಎಂಸಿಎ ಪಾಲು ದೊಡ್ಡದು. 1920ರಲ್ಲಿ ಮದರಾಸಿನಲ್ಲಿ ಶುರುವಾದ ಅದರ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತವರು ದಕ್ಷಿಣದ ಊರೂರಿಗೆ ಪಿ.ಟಿ. ಮೇಷ್ಟ್ರಾಗಿ ಹೋದರು.

ಆದರೆ ಹಳ್ಳಿಗೆ ಇಳಿದದ್ದು ವಾಲಿಬಾಲ್ ಒಂದೇ. ಎರಡು ಗೂಟ, ಒಂದು ನೆಟ್, ಗುಡಿಸಿದ ಮಣ್ಣಿನ ಜಾಗ ಇದ್ದರೆ ಸಾಕು. ಶಿರಾ, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಸಂಜೆ ಹೊತ್ತು ನೋಡಿ, ಗೊತ್ತಾಗುತ್ತದೆ. ಬ್ಯಾಸ್ಕೆಟ್‌ಬಾಲಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು. ಮಣ್ಣಿನಲ್ಲಿ ಡ್ರಿಬಲ್ ಮಾಡಲಿಕ್ಕೆ, ಅಂದರೆ ಬಾಲ್ ಪುಟಿಸುತ್ತಾ ಓಡಲಿಕ್ಕೆ, ಆಗಲ್ಲ. 3.05 ಮೀಟರ್ ಎತ್ತರದಲ್ಲಿ ರಿಂಗು, ಅದನ್ನು ಹೊರುವ ಕಬ್ಬಿಣದ ಕಂಬ ಬೇಕು. ಹೀಗಾಗಿ ಈ ಆಟ ಕಾಲೇಜು ಕಾಂಪೌಂಡಿನ ಒಳಗೇ ಉಳಿಯಿತು. ಬೆಂಗಳೂರಿನಲ್ಲಿ ಕ್ಲಬ್ಬುಗಳು ಬೆಳೆದವು, ಕ್ರೀಡಾ ಹಾಸ್ಟೆಲ್ ಬಂತು, ಅಲ್ಲಿ ಮಕ್ಕಳು ಹತ್ತು ವರ್ಷಕ್ಕೇ ಬಾಲ್ ಹಿಡಿಯುತ್ತಾರೆ. ನಾನು ಹಿಡಿದದ್ದು ಪಿಯುಸಿ ಮುಗಿದ ಮೇಲೆ. ನಮ್ಮ ಕ್ಯಾಪ್ಟನ್ ನನಗಿಂತ ಎರಡು ತಿಂಗಳು ಸೀನಿಯರ್!

ಇನ್ನು ವಿಶ್ವವಿದ್ಯಾಲಯದ ವಿಷಯ. ತುಮಕೂರು ವಿ.ವಿ. ಶುರುವಾದದ್ದು 2004ರಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಡಿಗ್ರಿ ಕಾಲೇಜುಗಳು ಬೆಂಗಳೂರು ವಿ.ವಿ.ಗೆ ಸೇರಿದ್ದವು. ಅಂತರ ಕಾಲೇಜು ಕೂಟ ಅಂದರೆ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಬೆಳಗಿನ ರೈಲು ಹತ್ತಿ ಹೋಗುವುದು, ಕ್ಲಬ್ಬಿನಲ್ಲಿ ಬೆಳೆದ ಹುಡುಗರ ಕೈಲಿ ಏಟು ತಿಂದು ಸಂಜೆ ವಾಪಸ್ ಬರುವುದು. ಸೀನಿಯರ್‌ಗಳು ಇದನ್ನು ನಗುತ್ತಲೇ ಹೇಳುತ್ತಾರೆ. ಸೋತರೂ ಒಳ್ಳೆ ಆಟ ಕಣ್ಣಾರೆ ನೋಡಿ ಬರುತ್ತಿದ್ದರು.

ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬಂದ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ.ಗೆ (ವಿಟಿಯು) ಹೋದವು. ನಮ್ಮ ಜಿಲ್ಲೆಗೇ ಪ್ರತ್ಯೇಕ ವಿ.ವಿ. ಆದ ಮೇಲೆ ಬೆಂಗಳೂರಿನ ಟೀಮುಗಳೂ ಎದುರಿಗಿಲ್ಲ. ಸರಿ, ಇನ್ನು ನಾವೇ ಗೆಲ್ಲಬಹುದಲ್ವಾ? ಅಲ್ಲೇ ಇರುವುದು ಎಡವಟ್ಟು. ಕೋರ್ಟ್ ಇಲ್ಲದ ಕಾಲೇಜುಗಳು ಟೀಮನ್ನೇ ಕಳಿಸುವುದಿಲ್ಲ. ಬರುವುದು ಬೆರಳೆಣಿಕೆಯಷ್ಟು ಟೀಮು. ಕೂಟ ನಾಕೌಟ್. ಒಂದು ಸೋತರೆ ಮನೆಗೆ. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳೂ 2017ರಲ್ಲಿ ಬೆಂಗಳೂರು ಉತ್ತರ ವಿ.ವಿ.ಗೆ ಹೋದವು. ಅಲ್ಲಿ ಆಡುವ ಗೆಳೆಯನೊಬ್ಬ ಹೇಳುವುದೂ ಇದನ್ನೇ.

ನನ್ನ ಪ್ರಕಾರ ಇಡೀ ಸಮಸ್ಯೆಯ ಗಂಟು ಇರುವುದು ಈ ನಾಕೌಟಿನಲ್ಲಿ. ಒಂದು ಮ್ಯಾಚು ಅಂದರೆ ಹತ್ತು ನಿಮಿಷದ ನಾಲ್ಕು ಕ್ವಾರ್ಟರು, ಒಟ್ಟು 40 ನಿಮಿಷ. ಸೋತ ಟೀಮಿಗೆ ವರ್ಷಕ್ಕೆ ಸಿಗುವ ಆಟ ಅಷ್ಟೇ. ಗೆದ್ದವರು ಅದೇ ಕೂಟದಲ್ಲಿ ಎರಡು, ಮೂರು ಮ್ಯಾಚು ಆಡಿ ಇನ್ನೂ ಪಳಗುತ್ತಾರೆ. ಯಾರಿಗೆ ಆಟ ಜಾಸ್ತಿ ಬೇಕೋ ಅವರನ್ನೇ ಮೊದಲು ಬಸ್ಸು ಹತ್ತಿಸಿ ಕಳಿಸುವ ವ್ಯವಸ್ಥೆ ಇದು. ವಿ.ವಿ.ಯವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಅವರಿಗೆ ದಕ್ಷಿಣ ವಲಯದ ಅಂತರ ವಿ.ವಿ. ಕೂಟಕ್ಕೆ ಕಳಿಸಲು ಹನ್ನೆರಡು ಜನ ಬೇಕು, ಕೂಟ ಬೇಗ ಮುಗಿಯಬೇಕು. ಸೆಮಿಸ್ಟರ್ ಪರೀಕ್ಷೆ, ಅಟೆಂಡೆನ್ಸ್, ಟಿ.ಎ., ಡಿ.ಎ. ಎಲ್ಲ ತಲೆ ಮೇಲೆ ಕೂತಿರುತ್ತವೆ.

ಸೋಲಿನ ವಿಷಯದಲ್ಲಿ ದೊಡ್ಡ ಹೆಸರು ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್‌ನದು. ನೊಬೆಲ್ ಪಡೆದವರು ಪಾಠ ಹೇಳುವ ಕಾಲೇಜು. ಅವರ ಬ್ಯಾಸ್ಕೆಟ್‌ಬಾಲ್ ಟೀಮು ತನ್ನ ಲೀಗಿನಲ್ಲಿ (ಸೋತರೂ ಮನೆಗೆ ಕಳಿಸದೆ ಎಲ್ಲರ ಜೊತೆ ಆಡಿಸುವ ಕೂಟ) 26 ವರ್ಷ, ಸತತ 310 ಮ್ಯಾಚು ಸೋತಿತು. 2011ರ ಫೆಬ್ರವರಿಯಲ್ಲಿ ಆಕ್ಸಿಡೆಂಟಲ್ ಕಾಲೇಜನ್ನು 46-45ರಿಂದ ಸೋಲಿಸಿತು. ಒಂದೇ ಒಂದು ಪಾಯಿಂಟು! ಎಲ್ಲರೂ ನೋಡುವುದು 310 ಅನ್ನುವ ಅಂಕಿಯನ್ನು. ಅದನ್ನು 26ರಿಂದ ಭಾಗಿಸಿ ನೋಡಿ. ವರ್ಷಕ್ಕೆ ಸುಮಾರು 12 ಮ್ಯಾಚು, ಅದೂ ಲೀಗಿನವು ಮಾತ್ರ. ಅಷ್ಟೊಂದು ಸೋಲಲು ನಮ್ಮ ಟೀಮಿಗೆ 310 ವರ್ಷ ಬೇಕು.

ನಮ್ಮ ಕೋರ್ಟಿನಲ್ಲಿ ರಿಂಗಿನ ಹಿಂದಿನ ಬೋರ್ಡ್ ತಗಡಿನದು. ಬಾಲ್ ಬಿದ್ದರೆ ಢಣ್ ಅಂತ ಸದ್ದು ಮಾಡಿ ಸತ್ತ ಹಾಗೆ ಕೆಳಗೆ ಇಳಿಯುತ್ತಿತ್ತು. ಲೇ-ಅಪ್ ಹಾಕುವಾಗ, ಅಂದರೆ ರಿಂಗಿನ ಹತ್ತಿರ ಓಡಿ ಬಂದು ಬೋರ್ಡಿಗೆ ತಾಗಿಸಿ ಹಾಕುವಾಗ, ಜೋರಾಗಿ ಎಸೆಯುವುದು ನಮಗೆ ರೂಢಿ. ಕೂಟ ನಡೆದ ಕಾಲೇಜಿನಲ್ಲಿ ಒಳ್ಳೆ ಬೋರ್ಡ್, ಅದೇ ಜೋರಿಗೆ ಬಾಲ್ ರಿಂಗ್ ದಾಟಿ ಎದುರಾಳಿ ಕೈಗೇ ಹೋಗಿ ಬೀಳುತ್ತಿತ್ತು. ಮೊದಲ ಕ್ವಾರ್ಟರ್ ಪೂರ್ತಿ ಹೀಗೇ ಹೋಯಿತು. ಇನ್ನೊಂದು ಫಜೀತಿ 24 ಸೆಕೆಂಡಿನದು. 2000ದಿಂದ ಈಚೆಗೆ ಬಾಲ್ ಕೈಗೆ ಬಂದ ಅಷ್ಟರೊಳಗೆ ಶಾಟ್ ಹೊಡೆಯಲೇಬೇಕು, ಮುಂಚೆ 30 ಸೆಕೆಂಡ್ ಇತ್ತು. ನಮ್ಮ ಕೋರ್ಟಿನಲ್ಲಿ ಗಡಿಯಾರವೇ ಇರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಪಾಸ್ ಮಾಡುತ್ತಾ ನಿಂತಿರುತ್ತಿದ್ದೆವು. ಅಲ್ಲಿ ಪೀಪಿ ಊದಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಪ್ರಾಕ್ಟೀಸಿಗೆ ಇದ್ದದ್ದು ಸಂಜೆ ಒಂದು ಗಂಟೆ. ಕೊರಟಗೆರೆ, ಮಧುಗಿರಿ ಕಡೆಯವರು ಬಸ್ ಸಿಗಲಿ ಅಂತ ಐದಕ್ಕೇ ಬ್ಯಾಗ್ ಎತ್ತಿಕೊಳ್ಳುತ್ತಿದ್ದರು. ನನಗಿಂತ ಹಿಂದಿನ ಬ್ಯಾಚಿನವರು ಒಂದು ವರ್ಷ ಐದು ಜನ ಸೇರದೆ ಆಡದೇ ಸೋತಿದ್ದರಂತೆ. ಆಗ ಸ್ಕೋರು 20-0 ಅಂತ ಬರೆಯುತ್ತಾರೆ. ‘ನೀವು ಆಡಿ ಸೋತಿರಿ, ನಾವು ಆಡದೇ ಸೋತೆವು’ ಅಂತ ಒಬ್ಬ ಅಣ್ಣ ಈಗಲೂ ರೇಗಿಸುತ್ತಾನೆ.

ಹೋದ ತಿಂಗಳು ಕಾಲೇಜಿಗೆ ಹೋಗಿದ್ದೆ. ಈಗಿನ ಹುಡುಗರು ಅರ್ಧ ಕೋರ್ಟಿನಲ್ಲಿ ಮೂರು ಮೂರು ಜನ ಆಡುತ್ತಿದ್ದರು. ಟೋಕಿಯೊ ಒಲಿಂಪಿಕ್ಸ್‌ಗೂ ಬಂದ ಆಟ ಅದು, ಟೀಮಿಗೆ ನಾಲ್ಕು ಜನ ಇದ್ದರೆ ಸಾಕು. ನಾಕೌಟಿನ ದಾರಿ ಕಾಯದೆ ಅವರೇ ಪಕ್ಕದ ಕಾಲೇಜಿನವರಿಗೆ ಫೋನ್ ಮಾಡಿ ಭಾನುವಾರಕ್ಕೆ ಫ್ರೆಂಡ್ಲಿ ಕೇಳಿದ್ದರು. ಆ ಕಡೆಯಿಂದ ಬಂದ ಉತ್ತರವನ್ನು ಒಬ್ಬ ನನಗೆ ಮೊಬೈಲಿನಲ್ಲಿ ತೋರಿಸಿದ: ‘ಬನ್ನಿ ಗುರು. ಬಾಲ್ ಮಾತ್ರ ನೀವೇ ತನ್ನಿ, ನಮ್ಮದು ಪಂಚರ್.’