ಗೊಂಬೆಯ ತಲೆಗೆ ಎಣ್ಣೆ ಬೇಡ, ಬಿಸಿನೀರು ಸಾಕು

"ಎಷ್ಟ್ ಎಣ್ಣಿ ಹಚ್ಚಿದ್ರೂ ಕೂದಲು ಮೆತ್ತಗ ಆಗವಲ್ದರೀ" ಎನ್ನುತ್ತಾ ಗೊಂಬೆ ತರುವವರೇ ಹುಬ್ಬಳ್ಳಿಯ ನನ್ನ ಅಂಗಡಿಗೆ ಜಾಸ್ತಿ. ಮಗಳ ತಲೆಗೆ ಹಚ್ಚುವ ಹಾಗೆ ಪ್ರೀತಿಯಿಂದಲೇ ಕೊಬ್ಬರಿ ಎಣ್ಣೆ ಹಚ್ಚಿರುತ್ತಾರೆ. ಆದರೆ ಗೊಂಬೆಯ ವಿಗ್‌ನ ಕೂದಲು ಪ್ಲಾಸ್ಟಿಕ್ ಎಳೆ. ಅದು ಎಣ್ಣೆ ಹೀರುವುದಿಲ್ಲ. ಎಣ್ಣೆ ಮೇಲೆಯೇ ಕೂತು ಧೂಳು ಹಿಡಿಯುತ್ತದೆ. ನಮ್ಮ ಊರಿನ ಬೇಸಿಗೆಯ ಧೂಳು ನಿಮಗೆ ಗೊತ್ತೇ ಇದೆ. ಎರಡೂ ಸೇರಿದರೆ ಜಿಗಟು, ಅದರ ಮೇಲೆ ಸಿಕ್ಕು.

ಹಾಗಾಗಿ ಮೊದಲು ಎಣ್ಣೆ ತೆಗೆಯಬೇಕು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ ಅದ್ದಿಡಿ. ತಿಕ್ಕಬೇಡಿ, ಮೇಲಿನಿಂದ ಕೆಳಗೆ ಬೆರಳಾಡಿಸಿದರೆ ಸಾಕು. ಕೊನೆಯ ಸಲ ಜಾಲಿಸುವುದಕ್ಕೆ ನಳದ ಮಲಪ್ರಭಾ ನೀರೇ ಒಳ್ಳೆಯದು. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಎಳೆಗಳ ಮೇಲೆ ಬಿಳಿ ಪುಡಿ ಉಳಿಯುತ್ತದೆ, ಹೊಳಪು ಹೋಗುತ್ತದೆ.

ಇನ್ನು ಎಳೆ ಯಾವುದು ಅಂತ ತಿಳಿಯಬೇಕು. ಇದನ್ನು ಯಾರೂ ನೋಡುವುದಿಲ್ಲ, ಹೆಚ್ಚಿನ ಹಾನಿ ಆಗುವುದೂ ಇಲ್ಲಿಯೇ. ಗೊಂಬೆಗಳಿಗೆ ಸಾಮಾನ್ಯವಾಗಿ ಬಳಸುವುದು ನೈಲಾನ್, ಸರಾನ್, ಪಾಲಿಪ್ರೊಪಿಲೀನ್. ಚೌರಿಗಳಲ್ಲಿ ಕನೆಕಲಾನ್ ಎಂಬ ಕೃತಕ ಎಳೆಯೂ ಇರುತ್ತದೆ. 1959ರಲ್ಲಿ ಬಂದ ಮೊದಲ ಬಾರ್ಬಿಗಳ ಕೂದಲು ಸರಾನ್. ಅಗ್ಗದ ಗೊಂಬೆಗಳಲ್ಲಿ ಪಾಲಿಪ್ರೊಪಿಲೀನ್ ಜಾಸ್ತಿ. ಮುಟ್ಟಿದರೆ ಒಣ ಒಣ ಅನಿಸುತ್ತದೆ, ಬಾಚಿದರೆ ಚಟಚಟ ಅಂದು ನಿಗುರಿ ನಿಲ್ಲುತ್ತದೆ.

ಅನುಮಾನ ಬಂದರೆ ಹಿಂಬದಿಯಿಂದ ಎರಡು ಎಳೆ ಕತ್ತರಿಸಿ. ಒಂದು ಲೋಟ ನೀರಿಗೆ ಒಂದು ಹನಿ ಸೋಪು ಬೆರೆಸಿ, ಎಳೆಗಳನ್ನು ಬೆರಳಿಂದ ಪೂರ್ತಿ ಮುಳುಗಿಸಿ ಬಿಡಿ. ಮೇಲೆದ್ದು ತೇಲಿದರೆ ಪಾಲಿಪ್ರೊಪಿಲೀನ್, ಅದು ನೀರಿಗಿಂತ ಹಗುರ. ನೈಲಾನ್ ನಿಧಾನಕ್ಕೆ ಇಳಿಯುತ್ತದೆ. ಸರಾನ್ ನೀರಿಗಿಂತ ಹೆಚ್ಚುಕಮ್ಮಿ 1.7 ಪಟ್ಟು ಭಾರ, ಬೇಗ ತಳ ಸೇರುತ್ತದೆ. ಸೋಪು ಯಾಕೆಂದರೆ, ಅದಿಲ್ಲದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಭಾರದ ಎಳೆಯೂ ತೇಲಿಬಿಡುತ್ತದೆ.

ಸಿಕ್ಕು ಬಿಡಿಸುವಾಗ ಒಣ ಕೂದಲಿಗೆ ಹಣಿಗೆ ಹಾಕಲೇಬೇಡಿ. ಬಟ್ಟೆ ಮೆತ್ತಗಾಗಲು ಹಾಕುತ್ತೇವಲ್ಲ, ಆ ಕಂಫರ್ಟ್ ಒಂದು ಚಮಚ, ಒಂದು ಮಗ್ ನೀರು. ಅದರಲ್ಲಿ ಅರ್ಧ ಗಂಟೆ ನೆನೆಸಿ. ಆಮೇಲೆ ಬೆರಳಗಲದ ಒಂದು ಎಸಳು ತೆಗೆದುಕೊಂಡು, ಸಿಕ್ಕಿನ ಮೇಲ್ಭಾಗವನ್ನು ಎಡಗೈಯಲ್ಲಿ ಬಿಗಿ ಹಿಡಿಯಿರಿ. ಎಳೆತ ಬುಡಕ್ಕೆ ಹೋಗಬಾರದು. ತುದಿಯಿಂದ ಒಂದಿಂಚು ಬಾಚಿ, ಅದು ಸಲೀಸಾದ ಮೇಲೆ ಇನ್ನೊಂದಿಂಚು ಮೇಲೆ ಹೋಗಿ. ಸ್ಟೀಲ್ ಹಣಿಗೆ ಆದರೆ ಒಳ್ಳೆಯದು, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜಿದರೆ ಕೂದಲು ಮತ್ತೆ ನಿಗುರುತ್ತದೆ. ಗಂಟು ಬಿಡದಿದ್ದರೆ ದಪ್ಪ ಸೂಜಿಯಿಂದ ಒಂದೊಂದೇ ಎಳೆ ಬಿಡಿಸಿ. ಕತ್ತರಿ ತಗೊಳ್ಳುವ ಮನಸ್ಸಾಗುತ್ತದೆ. ದಯವಿಟ್ಟು ತಡೆಯಿರಿ, ಗೊಂಬೆಗೆ ಮತ್ತೆ ಕೂದಲು ಬೆಳೆಯುವುದಿಲ್ಲ.

ಗುಂಗುರು ಮಾಡುವುದು ನನಗೆ ಇಷ್ಟದ ಕೆಲಸ. ಬಿಸಿಯಲ್ಲಿ ಎಳೆ ಮೆತ್ತಗಾಗುತ್ತದೆ, ತಣಿದಾಗ ಯಾವ ಆಕಾರದಲ್ಲಿದೆಯೋ ಅದರಲ್ಲೇ ನಿಲ್ಲುತ್ತದೆ. ಒದ್ದೆ ಕೂದಲಿನ ತುದಿಯನ್ನು ಟಿಶ್ಯೂ ಕಾಗದದಲ್ಲಿ ಮಡಚಿ, ಉಲನ್ ಹೆಣೆಯುವ ಸ್ಟೀಲ್ ಕಡ್ಡಿಗೆ ಸುತ್ತಿ, ದಾರ ಕಟ್ಟಿ. ಕಾಗದ ಇಲ್ಲದಿದ್ದರೆ ತುದಿ ಕೊಕ್ಕೆಯ ಹಾಗೆ ಮುರಿದು ನಿಲ್ಲುತ್ತದೆ. ಮೂರು ಲೋಟ ಕುದಿಯುವ ನೀರಿಗೆ ಒಂದು ಲೋಟ ತಣ್ಣೀರು ಬೆರೆಸಿದರೆ ಸುಮಾರು 80 ಡಿಗ್ರಿ ಆಗುತ್ತದೆ. ನೈಲಾನಿಗೂ ಸರಾನಿಗೂ ಅಷ್ಟು ಸಾಕು. ಕೂಡಲೇ ಸುರುವಿ, ಹಿಂದೆಯೇ ತಣ್ಣೀರು ಹಾಕಿ. ನೀರು ಕೂದಲಿಗೆ ಮಾತ್ರ ಬೀಳಲಿ. ವಿಗ್‌ನ ಟೊಪ್ಪಿಗೆಗೆ, ಅಂದರೆ ಕೂದಲು ಕೂರಿಸಿದ ತಳಕ್ಕೆ, ಗ್ಲೂ ಗನ್‌ನ ಬಿಸಿ ಅಂಟು ಹಾಕಿದ್ದರೆ ಈ ಶಾಖಕ್ಕೆ ಅದು ಬಿಟ್ಟುಕೊಳ್ಳುತ್ತದೆ. ಪೂರ್ತಿ ಒಣಗುವ ತನಕ ಬಿಚ್ಚಬೇಡಿ. ಧಾರವಾಡದ ಮಳೆಗಾಲದಲ್ಲಿ ಒಂದು ರಾತ್ರಿ ಸಾಲುವುದಿಲ್ಲ. ಪಾಲಿಪ್ರೊಪಿಲೀನ್‌ನಲ್ಲಿ ಗುಂಗುರು ನೆಟ್ಟಗೆ ನಿಲ್ಲುವುದಿಲ್ಲ, ಅದಕ್ಕೆ ಎರಡು ಹೆರಳು ಹಾಕಿ, ಚೆಂದ ಕಾಣುತ್ತದೆ. ಹೆರಳಿನ ತುದಿಗೆ ರಬ್ಬರ್ ಬ್ಯಾಂಡ್ ಬದಲು ನೂಲು ಕಟ್ಟಿ. ರಬ್ಬರ್ ವರ್ಷ ಕಳೆದರೆ ಕರಗಿ ಕೂದಲಿಗೇ ಅಂಟುತ್ತದೆ.

ಸ್ಕೂಲ್ ಗ್ಯಾದರಿಂಗ್ ಹಿಂದಿನ ದಿನ ಅವಸರದಲ್ಲಿ ವಿಗ್‌ಗೆ ಸ್ಟ್ರೇಟ್ನರ್ ಹಾಕುವವರಿದ್ದಾರೆ. ಅದರ ಪಟ್ಟಿ 150ರಿಂದ 200 ಡಿಗ್ರಿ ಬಿಸಿಯಾಗುತ್ತದೆ. ಪಾಲಿಪ್ರೊಪಿಲೀನ್ ಕರಗುವುದೇ 160ರ ಆಸುಪಾಸು. ಶಾಖ ತಡೆಯುವ ಎಳೆ ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೆ ಮಾತ್ರ, ಅದರಲ್ಲಿ ಹೇಳಿದಷ್ಟೇ ಬಿಸಿ ಇಟ್ಟು ಹಾಕಿ.

ವರಮಹಾಲಕ್ಷ್ಮಿ ಕೂರಿಸುವ ಮನೆಗಳಿಗೆ ಒಂದು ಮಾತು. ದೇವಿಯ ಜಡೆಯಿಂದ ದೀಪ, ಊದುಬತ್ತಿ ಎರಡನ್ನೂ ದೂರ ಇಡಿ. ನೈಲಾನ್, ಪಾಲಿಪ್ರೊಪಿಲೀನ್ ಎರಡೂ ಹೊತ್ತಿಕೊಂಡರೆ ಕರಗಿ, ಉರಿಯುತ್ತಲೇ ತೊಟ್ಟಿಕ್ಕುತ್ತವೆ, ಕೆಳಗಿನ ಸೀರೆಗೂ ಬೆಂಕಿ ತಗುಲುತ್ತದೆ. ಅರಿಶಿನದ ಕಲೆಗೆ ಬೆಳಗಿನ ಬಿಸಿಲು ಸ್ವಲ್ಪ ಹೊತ್ತು ತೋರಿಸಿ, ಬಣ್ಣ ತಾನೇ ಇಳಿಯುತ್ತದೆ. ದಿನಗಟ್ಟಲೆ ಬಿಸಿಲಲ್ಲಿ ಬಿಟ್ಟರೆ ಎಳೆ ಪುಡಿಯಾಗುತ್ತದೆ.

ಕರಗಿ ಗಟ್ಟಿಯಾದ ತುದಿ ಮಾತ್ರ ಯಾವ ಉಪಾಯಕ್ಕೂ ಸರಿಯಾಗುವುದಿಲ್ಲ. ಅಲ್ಲಿ ಕತ್ತರಿ ಬಳಸಿ, ಆದರೆ ಗಟ್ಟಿಯಾದಷ್ಟೇ ತೆಗೆಯಿರಿ. ಬುಡದ ತನಕ ಸುಟ್ಟಿದ್ದರೆ ಆ ಸಾಲನ್ನು ಟೊಪ್ಪಿಗೆಯಿಂದ ಬಿಚ್ಚಿ ಹೊಸ ಸಾಲು ಹೊಲಿಯಬಹುದು. ಬಣ್ಣ ಹೊಂದಿಸಲು ಹಳೆಯ ಕೂದಲಿನ ಒಂದು ಎಸಳು ಜೊತೆಗೆ ತನ್ನಿ. ಫೋನಿನಲ್ಲಿ ತೆಗೆದ ಫೋಟೋ ನೋಡಿ ಕಪ್ಪಿಗೆ ಕಪ್ಪು ಹೊಂದಿಸುವುದು ಕಷ್ಟ.