ರೆಫರ್ ಚೀಟಿಯ ಹಿಂದಿನ ಕಥೆ

ಬೆಳಗಿನ ಜಾವ ಹಾಸನದಲ್ಲಿ ಬೆಂಗಳೂರು ಬಸ್ ಹತ್ತುವವರ ಕೈ ಗಮನಿಸಿ. ಎಕ್ಸ್‌ರೇ ಕವರ್ ಹಿಡಿದವರು ಒಬ್ಬರಾದರೂ ಇರುತ್ತಾರೆ. ಕವರಿನೊಳಗೆ ಮಡಿಚಿಟ್ಟ ಒಂದು ಚೀಟಿ. ಕೇಳಿದರೆ 'ಬೆಂಗಳೂರಿಗೆ ಬರ್ಕೊಟ್ರು' ಎನ್ನುತ್ತಾರೆ, ಅಷ್ಟೇ. ಹಾಸನದಲ್ಲೇ ಮೆಡಿಕಲ್ ಕಾಲೇಜು ಇದೆ, ದೊಡ್ಡಾಸ್ಪತ್ರೆ ಇದೆ. ಆದರೂ ಸುಮಾರು 185 ಕಿಲೋಮೀಟರ್ ಯಾಕೆ ಹೋಗಬೇಕು? ಇದಕ್ಕೆ ಬೆಂಗಳೂರಿನ ಹಳೇ ಕಥೆಯಿಂದಲೇ ಶುರು ಮಾಡಬೇಕು.

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಇಳಿಸಿದರು. ಅಲ್ಲಿಂದ ಊರು ಎರಡಾಯಿತು. ದಂಡಿನ ಕಡೆಯವರಿಗೆ ಬೌರಿಂಗ್ ಆಸ್ಪತ್ರೆ, ಪೇಟೆ ಕಡೆಯವರಿಗೆ 1900ರಲ್ಲಿ ವಿಕ್ಟೋರಿಯಾ. 1949ರಲ್ಲಿ ಎರಡೂ ಊರು ಒಂದೇ ಕಾರ್ಪೊರೇಷನ್ ಆದವು, ಆಸ್ಪತ್ರೆಗಳು ಎರಡೂ ಉಳಿದವು. ವಿಕ್ಟೋರಿಯಾ ಸುತ್ತಮುತ್ತ 1935ರಲ್ಲಿ ವಾಣಿವಿಲಾಸ, 1955ರಲ್ಲಿ ಮೆಡಿಕಲ್ ಕಾಲೇಜು ಬಂದವು. ಹೃದ್ರೋಗಕ್ಕೆ ಹೆಸರಾದ ಜಯದೇವ ಸಂಸ್ಥೆಯೂ ಮೊದಲು ಅದೇ ಆವರಣದಲ್ಲಿತ್ತು. ಸೈನಿಕರದ್ದೇ ಬೇರೆ ದಾರಿ. ಅವರಿಗೆ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಕಮಾಂಡ್ ಆಸ್ಪತ್ರೆ. ನಡೆಸುವುದು ವಾಯುಪಡೆ, ಚಿಕಿತ್ಸೆ ಮೂರೂ ಪಡೆಯವರಿಗೆ.

ನಮ್ಮ ಕಡೆ ಇದೆಲ್ಲ ತಡ. ಹಾಸನಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದ್ದು 2006ರಲ್ಲಿ, ಶ್ರೀ ಚಾಮರಾಜೇಂದ್ರ ಆಸ್ಪತ್ರೆಯ ಜೊತೆಗೆ. ಚಿಕ್ಕಮಗಳೂರು 2022ರವರೆಗೆ ಕಾಯಿತು.

ನನಗೆ ಚೆನ್ನಾಗಿ ನೆನಪಿರುವುದು 2003. ಆ ವರ್ಷ ನಮ್ಮ ಮನೆಗೆ ಎರಡು ಕಾರ್ಡ್ ಬಂದವು. ಅಪ್ಪ ಸೊಸೈಟಿ ಮೆಂಬರ್, ಅವರಿಗೆ ಯಶಸ್ವಿನಿ, ಅಂದರೆ ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ. ತಿಂಗಳಿಗೆ 5 ರೂಪಾಯಿ ಕಟ್ಟಿದರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲೂ ಆಪರೇಷನ್ ಆಗುತ್ತದೆ ಅಂದರೆ ಯಾರೂ ನಂಬುತ್ತಿರಲಿಲ್ಲ. ಚಿಕ್ಕಪ್ಪ ಮಿಲಿಟರಿಯಿಂದ ನಿವೃತ್ತರಾದವರು. ಅವರಿಗೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ, ಏಪ್ರಿಲ್ 1ರಿಂದ ಜಾರಿಯಾಗಿತ್ತು. ಅಲ್ಲಿಯವರೆಗೆ ಪೆನ್ಷನ್‌ದಾರರಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸ ಪದ್ಧತಿಯಲ್ಲಿ ಮೊದಲು ಪಾಲಿಕ್ಲಿನಿಕ್‌ಗೆ ಹೋಗಬೇಕು. ಅಲ್ಲಿನ ಡಾಕ್ಟರ್ ಬರೆದುಕೊಟ್ಟರೆ ಕಮಾಂಡ್ ಆಸ್ಪತ್ರೆ, ಇಲ್ಲವೇ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆ. ಚಿಕ್ಕಪ್ಪ ಆ ಚೀಟಿಯನ್ನು ಲೀವ್ ಪಾಸಿನಷ್ಟೇ ಜೋಪಾನ ಮಾಡುತ್ತಿದ್ದರು. ಒಮ್ಮೆ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ ಬೆಂಗಳೂರಿನಿಂದ ಹಾಗೇ ವಾಪಸ್ ಬಂದರು. ಕುಣಿಗಲ್‌ನಲ್ಲಿ ಇಡ್ಲಿ ತಿಂದದ್ದೊಂದೇ ಲಾಭ ಎಂದು ನಕ್ಕರು. ಆಗ ನಮಗೆ ನಗು ಬರಲಿಲ್ಲ.

2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದಲ್ಲಿ ಶೇ 30 ಮಾತ್ರ. ಆದರೆ ಷರತ್ತು ಹಳೆಯದೇ: ಮೊದಲು ಸರ್ಕಾರಿ ಆಸ್ಪತ್ರೆಗೆ ಬನ್ನಿ, ಅಲ್ಲಿ ಆಗದಿದ್ದರೆ ಬರೆದುಕೊಡುತ್ತಾರೆ. ತುರ್ತು ಕೇಸುಗಳಿಗೆ ವಿನಾಯಿತಿ ಉಂಟು. ಸೈನಿಕರಿಗಿದ್ದ ಕ್ರಮವೇ ಸಾರ್ವಜನಿಕರಿಗೂ ಬಂದಂತಾಯಿತು, ಅಲ್ವಾ? ಕಾಗದದ ಮೇಲೆ ಸರಿಯಾಗಿಯೇ ಇದೆ. ಸಣ್ಣ ಕಾಯಿಲೆಗೆಲ್ಲ ದೊಡ್ಡ ಆಸ್ಪತ್ರೆಗೆ ನುಗ್ಗಬಾರದು ನಿಜ. ಆದರೆ ತಜ್ಞರನ್ನು ಜಿಲ್ಲೆಯಲ್ಲಿ ಉಳಿಸಿಕೊಳ್ಳುವುದಕ್ಕಿಂತ ಚೀಟಿ ಬರೆಯುವುದು ಸುಲಭ. ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ರಾತ್ರಿ ಡ್ಯೂಟಿಯಲ್ಲಿರುವ ಒಬ್ಬರು ರಿಸ್ಕ್ ತೆಗೆದುಕೊಳ್ಳುವುದಕ್ಕಿಂತ ಕಳಿಸುವುದೇ ಮೇಲು ಎಂದುಕೊಂಡರೆ ಆಶ್ಚರ್ಯವೇನು?

ದಾರಿಯೂ ಹತ್ತಿರವಾಯಿತು. ಹೆದ್ದಾರಿ ಅಗಲವಾಯಿತು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ರೈಲೂ ಬಂತು. ದಾರಿ ಸಲೀಸಾದಷ್ಟೂ 'ಅಲ್ಲಿಗೇ ಹೋಗಿ' ಎನ್ನುವುದೂ ಸಲೀಸು.

2025ರ ಜೂನ್‌ನಲ್ಲಿ ಹಾಸನದಲ್ಲಿ ಹೃದಯಾಘಾತದ ಸುದ್ದಿ ಮೇಲಿಂದ ಮೇಲೆ ಬಂದಾಗ ಜನ ಚೀಟಿಗೂ ಕಾಯಲಿಲ್ಲ. ಮೈಸೂರಿನ ಜಯದೇವದ ಮುಂದೆ ಸಾಲು ಬೆಳೆಯಿತು. ಜಿಲ್ಲೆಯಲ್ಲಿ ಇಂಥ ಸಾವು ಅಸಹಜವಾಗಿ ಏರಿಲ್ಲ ಎಂದು ಸರ್ಕಾರದ ತಜ್ಞರ ಸಮಿತಿ ಆಮೇಲೆ ಹೇಳಿತು. ಅಷ್ಟರಲ್ಲಿ ನಮ್ಮ ಬೀದಿಯವರೇ ಎಷ್ಟೋ ಮಂದಿ ಇಸಿಜಿ ಮಾಡಿಸಿಕೊಂಡು, 'ಏನೂ ತೊಂದರೆ ಇಲ್ಲ' ಎಂದು ಬರೆದ ಚೀಟಿ ಹಿಡಿದು ವಾಪಸ್ ಬಂದಾಗಿತ್ತು.